ವಾರ್ಸಾದ ಹಳೆಯ ಪೇಟೆ

ಪೋಲೆಂಡಿನ ರಾಜಧಾನಿ ವಾರ್ಸಾಕ್ಕೆ ಬಂದವರು ಸಾಮಾನ್ಯವಾಗಿ ಮೊದಲು ನೋಡಹೋಗುವುದು ವಿಸ್ತುಲಾ ನದಿಯ ಎಡದಂಡೆಯ ದಿಬ್ಬದ ಮೇಲಿರುವ ಹಳೆಯ ಪೇಟೆಯನ್ನು. ಕಲ್ಲು ಹಾಸಿದ ಇಕ್ಕಟ್ಟಾದ ಬೀದಿಗಳು, ಅವು ಬಂದು ಸೇರುವ ವಿಶಾಲವಾದ ಚೌಕ, ಅದರ ನಾಲ್ಕೂ ಬದಿಗಳಲ್ಲಿ ಒಂದಕ್ಕೊಂದು ಅಂಟಿ ನಿಂತ ಬಣ್ಣದ ಮನೆಗಳು, ನಡುವೆ ಕತ್ತಿ ಗುರಾಣಿ ಹಿಡಿದ ಮತ್ಸ್ಯಕನ್ಯೆ. ಮಧ್ಯಯುಗದ ಊರೊಂದು ಅವಿಚ್ಛಿನ್ನವಾಗಿ ಉಳಿದುಬಂದಿದೆ ಎಂದೇ ನೋಡುಗನಿಗೆ ತೋರುತ್ತದೆ. ಆದರೆ ಈ ಚೌಕದ ಪುನರ್ನಿರ್ಮಾಣ ಮುಗಿದದ್ದು 1953ರಲ್ಲಿ!

1944ರ ಆಗಸ್ಟಿನಲ್ಲಿ ನಗರದ ಜನ ಜರ್ಮನ್ ಆಕ್ರಮಣಕಾರರ ವಿರುದ್ಧ ದಂಗೆಯೆದ್ದರು. 63 ದಿನಗಳ ಹೋರಾಟ ಸೋಲಿನಲ್ಲಿ ಮುಗಿಯಿತು. ಆಮೇಲೆ ನಡೆದದ್ದು ಯುದ್ಧವಲ್ಲ, ಕ್ರಮಬದ್ಧವಾದ ಧ್ವಂಸ. ಬೀದಿ ಬೀದಿಗೆ ಬೆಂಕಿಯಿಟ್ಟರು, ಅರಮನೆಗೆ ಸಿಡಿಮದ್ದು ಇಟ್ಟರು. ಪ್ರಾಚೀನ ಕೇಂದ್ರಭಾಗದಲ್ಲಿ ಶೇಕಡಾ 85ಕ್ಕೂ ಹೆಚ್ಚು ನೆಲಸಮವಾಯಿತು.

ಕನ್ನಡ ಶಾಸನಗಳಲ್ಲಿ ದಾನದ ಉದ್ದೇಶವನ್ನು ಹೇಳುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರುಕುಬಿಟ್ಟುದನ್ನು ಸರಿಪಡಿಸುವುದೆಂದು ಅದರ ಅರ್ಥ. ಅಲ್ಲಿ ದುರಸ್ತಿಗೆ ಮೂಲ ಕಟ್ಟಡವಾದರೂ ಇರುತ್ತಿತ್ತು. ವಾರ್ಸಾದಲ್ಲಿ ಉಳಿದದ್ದು ಮುಖ್ಯವಾಗಿ ಕಲ್ಲುಮಣ್ಣಿನ ರಾಶಿ ಮತ್ತು ಕಾಗದ. ಯುದ್ಧಕ್ಕೆ ಮೊದಲು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಹಳೆಯ ಮನೆಗಳನ್ನು ಅಳೆದು ನಕ್ಷೆ ಬರೆದಿದ್ದರು. ಆ ನಕ್ಷೆಗಳನ್ನು ಅಧ್ಯಾಪಕರು ಗುಟ್ಟಾಗಿ ಸಾಗಿಸಿ ಪ್ಯೋತ್ರ್ಕೂವ್ ಊರಿನ ಮಠವೊಂದರಲ್ಲಿ ಅಡಗಿಸಿಟ್ಟರು. ತರಗತಿಯ ಅಭ್ಯಾಸಕ್ಕೆಂದು ಎಳೆದ ಗೆರೆಗಳು ಊರಿನ ಮರುಹುಟ್ಟಿಗೆ ಆಧಾರವಾದವು. ಹದಿನೆಂಟನೆಯ ಶತಮಾನದಲ್ಲಿ ವೆನಿಸ್‌ನ ಕಲಾವಿದ ಬೆರ್ನಾರ್ದೊ ಬೆಲ್ಲೊತ್ತೊ ಇಲ್ಲಿನ ದೊರೆಗಾಗಿ ಬರೆದ ನಗರಚಿತ್ರಗಳೂ ನೆರವಾದವು. ಪ್ರವಾಸಿಗರಿಗೆ ಚಿತ್ರಕಾರನ ಕತೆಯೇ ಹೆಚ್ಚು ಪ್ರಿಯ. ಆದರೆ ಹೆಚ್ಚಿನ ಮನ್ನಣೆ ಸಲ್ಲಬೇಕಾದುದು ಅಳತೆಪಟ್ಟಿ ಹಿಡಿದ ಆ ವಿದ್ಯಾರ್ಥಿಗಳಿಗೆ.

ಯಾನ್ ಜಖ್ವಾತೊವಿಚ್‌ರಂಥ ವಿದ್ವಾಂಸರ ಮಾರ್ಗದರ್ಶನದಲ್ಲಿ ನಡೆದ ಈ ಕೆಲಸವನ್ನು ಯಥಾವತ್ ನಕಲು ಎನ್ನಲಾಗದು. ಬೀದಿಗೆ ಕಾಣುವ ಮುಖ ಹಳೆಯದು, ಒಳಗಿರುವುದು ಹೊಸ ಕಾಲದ ವಸತಿ. ಗಾಳಿ ಬೆಳಕಿಗಾಗಿ ಹಿತ್ತಿಲಿನ ಕಟ್ಟಡಗಳನ್ನು ಮತ್ತೆ ಕಟ್ಟದೆ ಬಿಟ್ಟರು. ಗೋಡೆಗಳ ಮೇಲಿನ ಅನೇಕ ಅಲಂಕಾರಗಳು ಐವತ್ತರ ದಶಕದ ಕಲಾವಿದರ ಸ್ವಂತ ಕಲ್ಪನೆ. ಕೋಟೆಯ ಬಾರ್ಬಿಕನ್ ಬುರುಜಿಗೆ ಬಳಸಿದ ಇಟ್ಟಿಗೆಗಳು ವ್ರೊತ್ಸ್ವಾಫ್ ಮತ್ತು ನಿಸಾ ಪಟ್ಟಣಗಳಲ್ಲಿ ಕೆಡವಿದ ಕಟ್ಟಡಗಳವು. 1945ರವರೆಗೆ ಅವು ಜರ್ಮನಿಯ ಊರುಗಳಾಗಿದ್ದವು. ಒಂದು ನಗರದ ಗಾಯಕ್ಕೆ ಇನ್ನೊಂದು ನಗರದ ಚರ್ಮ! ಹೀಗಿದ್ದೂ 1980ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆ ಪೂರ್ಣಗೊಂಡದ್ದು ಅದಕ್ಕೂ ನಂತರ, 1984ರಲ್ಲಿ.

ಅರಮನೆಯ ಮುಂದಿನ ಚೌಕದಲ್ಲಿ ದೊರೆ ಮೂರನೆಯ ಸಿಗಿಸ್ಮಂಡನ ಪ್ರತಿಮೆಯನ್ನು ಹೊತ್ತ ಎತ್ತರದ ಸ್ತಂಭವಿದೆ. ಮೊದಲು ನಿಲ್ಲಿಸಿದ್ದು 1644ರಲ್ಲಿ, ಈಗಿರುವುದು ಮೂರನೆಯ ಕಂಬ. ಹಿಂದಿನ ಎರಡರ ತುಂಡುಗಳನ್ನು ಅರಮನೆಯ ಪಕ್ಕದಲ್ಲಿ ಮಲಗಿಸಿದ್ದಾರೆ. ಇಡೀ ಪೇಟೆಯಲ್ಲಿ ತನ್ನ ಇತಿಹಾಸವನ್ನು ಮರೆಮಾಚದೆ ಹೇಳುವ ಜಾಗ ಇದೇ ಇರಬೇಕು.

ಇಲ್ಲಿಂದ ವಾಯವ್ಯಕ್ಕೆ ತುಸು ನಡೆದರೆ ಮುರಾನೂವ್ ಬಡಾವಣೆ. ಯುದ್ಧಕ್ಕೆ ಮೊದಲು ಅದು ಯೆಹೂದಿಗಳು ಕಿಕ್ಕಿರಿದು ಬಾಳಿದ ಪ್ರದೇಶ. ಆಮೇಲೆ ಅವರನ್ನು ಕೂಡಿಹಾಕಿದ ಘೆಟ್ಟೊದ ಭಾಗವಾಯಿತು, 1943ರ ಅವರ ದಂಗೆಯ ನಂತರ ಬರಿಯ ಮಣ್ಣುದಿಬ್ಬವಾಯಿತು. ಆ ಬೀದಿಗಳನ್ನು ಹಿಂದಿನಂತೆ ಕಟ್ಟಲಿಲ್ಲ. ಹಾಗೆ ಕಟ್ಟಿದ್ದರೂ ಮರಳಿ ಬಂದು ನೆಲೆಸಬೇಕಾಗಿದ್ದ ಜನರಲ್ಲಿ ಬಹುತೇಕರು ಕೊಲೆಯಾಗಿ ಹೋಗಿದ್ದರು. ಅವಶೇಷಗಳನ್ನು ಪೂರ್ತಿ ತೆಗೆಯದೆ ಅವುಗಳ ಮೇಲೆಯೇ, ಅವುಗಳ ಪುಡಿಯನ್ನೇ ಬೆರೆಸಿದ ಇಟ್ಟಿಗೆಗಳಿಂದ, ಹೊಸ ವಸತಿಗಳನ್ನು ಎಬ್ಬಿಸಿದರು. ಅಲ್ಲಿನ ಎಷ್ಟೋ ಮನೆಗಳು ಬೀದಿಯ ಮಟ್ಟಕ್ಕಿಂತ ಎತ್ತರದಲ್ಲಿವೆ, ಬಾಗಿಲಿಗೆ ಹೋಗಲು ಮೆಟ್ಟಿಲು ಹತ್ತಬೇಕು. ಮೆಟ್ಟಿಲ ಕೆಳಗಿರುವುದು ಹಳೆಯ ಮುರಾನೂವ್.