ಸೋಲು ಗೆಲುವು ಇದ್ದಿದ್ದೇ ಬಿಡಿ

‘ಆಟ ಅಂದ್ಮೇಲೆ ಸೋಲು ಗೆಲುವು ಇದ್ದಿದ್ದೇ ಬಿಡಿ’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 2023ರ ನವೆಂಬರ್ 19ರ ರಾತ್ರಿ ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಚಚ್ಚಿ ನಮ್ಮ ವಿಶ್ವಕಪ್ಪು ಕಿತ್ತುಕೊಂಡು ಹೋದ ಮೇಲೆ, ದೇವನೂರಿನ ನಮ್ಮ ಜಗಲಿಯಲ್ಲಿ ಕೂತಿದ್ದ ನೆಂಟರೊಬ್ಬರು ಈ ಮಾತಾಡಿ, ಅದರ ಹಿಂದೆಯೇ ಒಂದು ಲೋಟ ಮಜ್ಜಿಗೆ ಕೇಳಿದರು. ಹತ್ತು ಪಂದ್ಯ ಸತತವಾಗಿ ಗೆದ್ದ ತಂಡ ಹನ್ನೊಂದನೆಯದರಲ್ಲಿ ಮಕಾಡೆ ಮಲಗಿದೆ, ಇವರಿಗೆ ಮಜ್ಜಿಗೆ! ಕೊಟ್ಟೆ. ಉಪ್ಪು ಹಾಕಲಿಲ್ಲ.

ಸೋತಾಗ ಬೈಯಬೇಕು. ಬೈಯದವನು ಆಟ ನೋಡಿಯೇ ಇಲ್ಲ ಎಂದರ್ಥ. ಆದರೆ ನಮ್ಮ ಕಡೆಯವರ ಸಂಕಟ ಬೇರೆ. ದೇಶ ಸೋತಾಗೆಲ್ಲ ಅಲ್ಲೊಬ್ಬ ಕನ್ನಡಿಗ ಸಿಕ್ಕಿಹಾಕಿಕೊಂಡಿರುತ್ತಾನೆ. ಅಹಮದಾಬಾದಿನಲ್ಲಿ ಕೆ.ಎಲ್. ರಾಹುಲ್, 107 ಎಸೆತಕ್ಕೆ 66, ಅದರಲ್ಲಿ ಒಂದೇ ಒಂದು ಬೌಂಡರಿ. ಅತ್ತ ಕೋಚ್ ಕುರ್ಚಿಯಲ್ಲಿ ದ್ರಾವಿಡ್. 2007ರ ವಿಶ್ವಕಪ್ಪಿನಲ್ಲಿ ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟಿದಾಗ ನಾಯಕನೂ ಅದೇ ದ್ರಾವಿಡ್. ಬೈಯೋಣ ಅಂತ ಬಾಯಿ ತೆಗೆದರೆ ಎದುರಿಗೆ ನಮ್ಮ ಹುಡುಗನೇ ನಿಂತಿರುತ್ತಾನೆ. ಬಾಯಿ ಹಾಗೇ ಮುಚ್ಚಿಕೊಳ್ಳಬೇಕು.

2003ರ ಮಾರ್ಚ್ 23ರಂದು ವಿಶ್ವಕಪ್ ಫೈನಲ್ಲಿನಲ್ಲಿ ಆಸ್ಟ್ರೇಲಿಯಾ ಎದುರು ಸೋತದ್ದಂತೂ ಊರ ಬಾಗಿಲಿಗೇ ಬಂದ ಸೋಲು. ಅಂದು ಜೊಹಾನ್ಸ್‌ಬರ್ಗ್‌ನಲ್ಲಿ ಹತ್ತು ಓವರಿಗೆ 87 ರನ್ ಕೊಟ್ಟವರು ಜಾವಗಲ್ ಶ್ರೀನಾಥ್. ಹುಟ್ಟಿದ್ದು ಮೈಸೂರಿನಲ್ಲಾದರೇನು, ಹೆಸರಿನಲ್ಲಿ ಜಾವಗಲ್ ಇದೆಯಲ್ಲ. ಅದು ಅರಸೀಕೆರೆ ತಾಲ್ಲೂಕು, ನಮ್ಮದು ಕಡೂರು ತಾಲ್ಲೂಕು, ಜಿಲ್ಲೆಯೇ ಬೇರೆ, ನಿಜ. ಆದರೂ ನಮಗೆ ಅದು ಪಕ್ಕದೂರು. ಪಾಂಟಿಂಗ್ ಎತ್ತಿ ಎತ್ತಿ ಬಾರಿಸುತ್ತಿದ್ದರೆ ಚೆಂಡು ನಮ್ಮ ಅಡಿಕೆ ತೋಟದಲ್ಲೇ ಬಂದು ಬೀಳುತ್ತಿದೆಯೇನೋ ಅನ್ನಿಸುತ್ತಿತ್ತು.

ಸೋಲು ಅಂದರೇನು ಅಂತ ನಮ್ಮೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ಜೈಮಿನಿ ಭಾರತ’ದ ಲಕ್ಷ್ಮೀಶ ಇಲ್ಲಿಯವನು, ಅವನ ಲಕ್ಷ್ಮೀಕಾಂತ ಇಲ್ಲೇ ಗುಡಿಯಲ್ಲಿದ್ದಾನೆ. (ಕವಿ ಸುರಪುರದವನು ಅಂತ ವಾದಿಸಿದವರೂ ಇದ್ದಾರೆ. ಅವರನ್ನೂ ಆ ಮಜ್ಜಿಗೆಯವರ ಪಕ್ಕದಲ್ಲೇ ಕೂರಿಸಬೇಕು.) ಕುರುಕ್ಷೇತ್ರದ ಗೆಲುವು ಮುಗಿದ ಮೇಲೆ ಶುರುವಾಗುವ ಕಾವ್ಯ ಅದು. ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ದಾಟಿ ಬಂದ ಅರ್ಜುನ ಅಶ್ವಮೇಧದ ಕುದುರೆಯ ಹಿಂದೆ ಹೊರಡುತ್ತಾನೆ. ಚಾಂಪಿಯನ್ನರ ಪ್ರವಾಸ ಅನ್ನಿ. ಹೋದಲ್ಲೆಲ್ಲ ಏದುಸಿರು. ಚಂಪಕಾಪುರದಲ್ಲಿ ಸುಧನ್ವನೊಬ್ಬನನ್ನು ಕೆಡವಲು ಕೃಷ್ಣನೇ ಬರಬೇಕಾಗುತ್ತದೆ. ಈ ಸುಧನ್ವ ಯುದ್ಧಕ್ಕೆ ತಡವಾಗಿ ಬಂದನೆಂದು ಅವನ ಅಪ್ಪನೇ ಕಾದೆಣ್ಣೆಯ ಕೊಪ್ಪರಿಗೆಗೆ ಹಾಕಿಸಿದ್ದ. ನಮ್ಮ ಆಯ್ಕೆ ಸಮಿತಿಯವರಿಗೆ ಯಾರಾದರೂ ಆ ಭಾಗವನ್ನು ಓದಿ ಹೇಳಬಾರದೆ?

ಆಮೇಲೆ ಮಣಿಪುರ. ಬಭ್ರುವಾಹನ ಕುದುರೆಯನ್ನು ಒಪ್ಪಿಸಿ ಕಾಲಿಗೆ ಬೀಳಲು ಬಂದರೆ, ಹೇಡಿ ನೀನು, ನನ್ನ ಮಗನೇ ಅಲ್ಲ ಅಂತ ಅರ್ಜುನ ಹಳಿಯುತ್ತಾನೆ. ಟಾಸ್ ಗೆದ್ದೂ ಎದುರಾಳಿಗೆ ಬ್ಯಾಟು ಕೊಡುವಂಥ ಕೆಲಸ ಅದು. ಮಗ ಬಿಲ್ಲೆತ್ತಿದ, ಅಪ್ಪನ ತಲೆ ಉರುಳಿತು. ಲಕ್ಷ್ಮೀಶ ಆ ಜಾಗದಲ್ಲಿ ಷಟ್ಪದಿಯನ್ನು ಓಡಿಸುವುದಿಲ್ಲ, ಚಿತ್ರಾಂಗದೆಯ ಅಳುವಿಗೆ ಬೇಕಾದಷ್ಟು ಜಾಗ ಬಿಡುತ್ತಾನೆ. ಸೋಲು ಗೆಲುವು ಇದ್ದಿದ್ದೇ ಅಂತ ಅಲ್ಲಿ ಯಾರೂ ಅನ್ನುವುದಿಲ್ಲ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿ ಇದನ್ನೇ ‘ಬಬ್ರುವಾಹನ’ ಸಿನಿಮಾ ಮಾಡಿ ಅಪ್ಪನೂ ರಾಜಕುಮಾರ್, ಮಗನೂ ರಾಜಕುಮಾರ್ ಅಂದುಬಿಟ್ಟರು. ಇಬ್ಬರೂ ಎದುರುಬದುರು ನಿಂತು ಮಾತಿಗೆ ಮಾತು ಬೆಳೆಸಿದಾಗ ಅಭಿಮಾನಿ ಯಾರಿಗೆ ಸಿಳ್ಳೆ ಹೊಡೆಯಬೇಕು? ಇಬ್ಬರಿಗೂ ಹೊಡೆದರು. ಯಾರು ಬಿದ್ದರೂ ನಮ್ಮವನೇ ಬಿದ್ದ.

ಅರ್ಜುನನಿಗೇನೋ ನಾಗಲೋಕದಿಂದ ಮಣಿ ಬಂತು, ಎದ್ದು ಕೂತ. ಶ್ರೀನಾಥರಿಗೆ ಯಾವ ಮಣಿಯೂ ಬರಲಿಲ್ಲ. ಅದೇ ಅವರ ಕಡೆಯ ಏಕದಿನ ಪಂದ್ಯ. 229 ಪಂದ್ಯ, 315 ವಿಕೆಟ್, ಸಾಲದ್ದಕ್ಕೆ ಟೆಸ್ಟಿನಲ್ಲಿ 236. ಎಷ್ಟೋ ವರ್ಷ ಉಪಖಂಡದ ಸತ್ತ ಪಿಚ್ಚುಗಳ ಮೇಲೆ ಹೆಚ್ಚುಕಮ್ಮಿ ಒಬ್ಬರೇ ವೇಗದ ಭಾರ ಹೊತ್ತವರು. ಟೆಸ್ಟ್ ಬಿಟ್ಟು ಕೂತಿದ್ದವರನ್ನು ಗಂಗೂಲಿ ಬಿಡದೆ ಕರೆತಂದಿದ್ದರು. ಜನಕ್ಕೆ ಉಳಿದದ್ದು ಆ 87. ಜಹೀರ್ ಖಾನ್ ಮೊದಲ ಓವರಿನಲ್ಲೇ 15 ಕೊಟ್ಟು ಬಾಗಿಲು ತೆರೆದದ್ದು ಯಾರ ಲೆಕ್ಕಕ್ಕೂ ಇಲ್ಲ. 359 ಬೆನ್ನಟ್ಟಲು ಹೋಗಿ 234ಕ್ಕೆ ಉದುರಿದ ಬ್ಯಾಟುಗಳ ಸುದ್ದಿಯೂ ಇಲ್ಲ. ಸಚಿನ್ 4 ಹೊಡೆದು ಮೊದಲ ಓವರಿನಲ್ಲೇ ಮೆಗ್ರಾತ್ ಕೈಗೆ ಸಿಕ್ಕರೂ ಸಚಿನ್ ಸಚಿನ್ನೇ. ಬೈಗುಳಕ್ಕೂ ಒಂದು ನ್ಯಾಯ ಬೇಡವೆ?

ಅವತ್ತು ಆಸ್ಟ್ರೇಲಿಯಾದ ಕಡೆ ಬಿದ್ದ ಎರಡೇ ವಿಕೆಟ್ಟೂ ಸ್ಪಿನ್ನಿಗೇ ಬಿದ್ದವು, ಎರಡೂ ಹರಭಜನ್‌ಗೆ. ತಂಡದಲ್ಲಿದ್ದ ಇನ್ನೊಬ್ಬ ದೊಡ್ಡ ಸ್ಪಿನ್ನರ್ ಅನಿಲ್ ಕುಂಬ್ಳೆಯನ್ನು ತಂಡ ಆರಿಸಿದ ಮಹಾನುಭಾವರು ಹೊರಗೆ ಕೂರಿಸಿದ್ದರು. ಕುಂಬ್ಳೆಯನ್ನು ಆಡಿಸಬೇಕಿತ್ತು.