ಹೆಗಲು ಹೇಳುವ ಮಾತು

ನನ್ನ ತವರು ಕೊರಟಗೆರೆ ತಾಲೂಕಿನ ತೋವಿನಕೆರೆ. ಅಲ್ಲಿ ಬಸ್ಸಿಗೆ ಕಾದು ಗೊತ್ತೇ ಹೊರತು ರೈಲಿಗಲ್ಲ. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಕೆಲಸಕ್ಕೆಂದು ದಿನವೂ ಬೆಂಗಳೂರಿಗೆ ಸುಮಾರು 70 ಕಿ.ಮೀ. ಪ್ರಯಾಣಿಸಬೇಕಾಯಿತು. ರೈಲು ಬರುವವರೆಗಿನ ಆ ಹತ್ತಿಪ್ಪತ್ತು ನಿಮಿಷ ನನ್ನ ಪಾಲಿಗೆ ಚಿತ್ರದ ಸಮಯ. ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್, ಅಷ್ಟೇ.

ಜನಜಂಗುಳಿ ನಮಗಾಗಿ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಹೆಗಲಿನ ಇಳಿಜಾರು, ಆಮೇಲೆ ಬೆನ್ನು, ಕೊನೆಗೆ ಕೈಯಲ್ಲಿನ ಚೀಲ. ಅಷ್ಟರಲ್ಲಿ ಆ ವ್ಯಕ್ತಿ ಹೊರಟುಹೋದರೂ ಚಿಂತೆಯಿಲ್ಲ. ಅದೇ ಭಂಗಿಯಲ್ಲಿ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಅರ್ಧ ಉಳಿದ ಚಿತ್ರವನ್ನು ಅವರಿಂದ ಮುಗಿಸಬಹುದು.

ಮುಖ ಮಾತ್ರ ನಾನು ಬಿಡಿಸುವುದಿಲ್ಲ. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅಮ್ಮಿಗಂತೂ ಅದು ಇಷ್ಟವಿಲ್ಲ. ಅಲ್ಲದೆ ಅಪರಿಚಿತರ ಮುಖವನ್ನು ದಿಟ್ಟಿಸಿ ನೋಡುವುದು ಸಭ್ಯತೆಯೂ ಅಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನರು ನೆಲದಡಿಯ ರೈಲು ನಿಲ್ದಾಣಗಳಲ್ಲಿ ರಾತ್ರಿ ಕಳೆಯುತ್ತಿದ್ದರು. ಶಿಲ್ಪಿ ಹೆನ್ರಿ ಮೂರ್ ಅವರ ಚಿತ್ರಗಳನ್ನು ರಚಿಸಿದರು. ಆದರೆ ಮಲಗಿದವರ ಎದುರು ಕಾಗದ ಹರಡಿ ಕೂರಲು ಅವರ ಮನಸ್ಸು ಒಪ್ಪಲಿಲ್ಲ. ಕಂಡದ್ದನ್ನು ಚುಟುಕಾಗಿ ಗುರುತು ಹಾಕಿಕೊಂಡು, ಬಳಿಕ ನೆನಪಿನಿಂದ ಬಿಡಿಸುತ್ತಿದ್ದರು. ನೋಡುವ ಕಣ್ಣಿಗೂ ಒಂದು ಮರ್ಯಾದೆ ಬೇಕೆಂಬುದು ಅವರಿಗೆ ತಿಳಿದಿತ್ತು.

ಮುಖ ಬಿಟ್ಟಾಗ ಬೇರೆಯದು ಕಾಣತೊಡಗಿತು. ಬೆಳಿಗ್ಗೆ ಗಡಸರು ನೆಟ್ಟಗೆ ನಿಂತು ಪತ್ರಿಕೆ ಓದುತ್ತಾರೆ, ಮೊಬೈಲ್ ನೋಡುತ್ತಾರೆ. ಹೆಂಗಸರು ಬಂದು ನಿಲ್ಲುವ ಹೊತ್ತಿಗೇ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ. ಅಡುಗೆ, ಮಕ್ಕಳ ಡಬ್ಬಿ, ಪಾತ್ರೆ, ನೀರು. ಅದೆಲ್ಲ ಅವರ ಹೆಗಲಲ್ಲಿ ಬರೆದಂತಿರುತ್ತದೆ.

ಒಂದು ದಿನ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು ನನ್ನ ಪುಟಕ್ಕೆ ಬಗ್ಗಿ ನೋಡಿದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ದಿನವೂ ಕಾಣುವವರು.

“ಇದು ನಾನೇ ಅಲ್ವೇನಮ್ಮಾ?”

ಮುಖವೇ ಇಲ್ಲದ ಚಿತ್ರದಲ್ಲಿ ಅವರು ತಮ್ಮನ್ನು ಗುರುತಿಸಿದ್ದರು! ನಾನು ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ನನ್ನ ಹೆಗಲು ಇಷ್ಟೊಂದು ಬಿದ್ದೋಗೈತಾ?”

ನನಗೆ ಉತ್ತರ ಹೊಳೆಯಲಿಲ್ಲ. ಆ ಹಾಳೆ ಬೇಕೆಂದರು, ಹರಿದುಕೊಟ್ಟೆ.

ಮುಂದಿನ ವಾರ ಅವರ ಕಾಲೇಜು ಓದುವ ಮಗ ಚೀಲ ಹೊತ್ತು ಪ್ಲಾಟ್‌ಫಾರ್ಮಿನವರೆಗೂ ಬಂದಿದ್ದ. “ಚಿತ್ರ ತೋರಿಸಿದೆ. ಏನೂ ಅನ್ನಲಿಲ್ಲ. ಬೆಳಿಗ್ಗೆ ತಾನೇ ಚೀಲ ಎತ್ಕೊಂಡ” ಎಂದರು ಅವರು. ಇಪ್ಪತ್ತು ವರ್ಷ ಅದೇ ಮನೆಯಲ್ಲಿದ್ದ ಮಗನಿಗೆ ತಾಯಿಯ ಹೆಗಲು ಕಂಡದ್ದು ಆ ಹಾಳೆಯಲ್ಲಿ.

ಸಹೋದರಿಯರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ತಟ್ಟೆ ಹಾಕಿಕೊಳ್ಳುವವರ ಹೆಗಲನ್ನು ಒಮ್ಮೆ ನೋಡಿ. ಅದು ನಿಮ್ಮದೇ ಹೆಗಲಾಗಿದ್ದರೆ, ಮಕ್ಕಳನ್ನು ಕರೆದು ತೋರಿಸಿ.