ಬನ್ನೂರು ದಾರಿ ಹಿಡಿದು ತಲಕಾಡಿಗೆ

ಮೈಸೂರಿಗೆ ಹೋದಾಗ ನಾವೆಲ್ಲ ಏನು ಮಾಡ್ತೀವಿ ಹೇಳಿ? ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಬೃಂದಾವನ. ಆಮೇಲೆ ಮೈಸೂರುಪಾಕು ಕಟ್ಟಿಸಿಕೊಂಡು ಊರಿಗೆ ವಾಪಸು. ಈ ಸಲ ಇನ್ನೊಂದು ದಿನ ಉಳಿದುಕೊಳ್ಳಿ. ಮನೆಮಂದಿಯೆಲ್ಲ ಕೂರುವಂಥ ವ್ಯಾನೊಂದನ್ನು ಗೊತ್ತುಮಾಡಿಕೊಂಡು ಬನ್ನೂರು ದಾರಿ ಹಿಡಿಯಿರಿ. 2023ರಲ್ಲಿ ತೆರೆದ ಬೆಂಗಳೂರಿನ ಹೊಸ ಹೆದ್ದಾರಿಯಲ್ಲಿ ಗಾಡಿಯೇನೋ ಓಡುತ್ತದೆ, ಆದರೆ ಕಣ್ಣಿಗೆ ಏನೂ ಸಿಗುವುದಿಲ್ಲ. ಇಲ್ಲಿ ಹಾಗಲ್ಲ. ಗದ್ದೆ, ಕಬ್ಬು, ನಾಲೆ, ತೆಂಗಿನ ಸಾಲು.

ಒಲೆ, ಹಾಸಿಗೆ ಎಲ್ಲ ಇರುವ ಗಾಡಿಗಳೂ ಈಗ ಬಾಡಿಗೆಗೆ ಸಿಗುತ್ತವಂತೆ. ನಾನಂತೂ ಒಲೆಯ ಗಾಡಿ ಬೇಡವೇ ಬೇಡ ಅಂತೀನಿ. ಅಲ್ಲೂ ನಾವೇ ಒಗ್ಗರಣೆ ಹಾಕುತ್ತಾ ನಿಂತರೆ ಕಿಟಕಿ ಪಕ್ಕ ಕೂರೋರು ಯಾರು? ಹಿಂದಿನ ದಿನವೇ ಪುಳಿಯೋಗರೆ ಗೊಜ್ಜು ಮಾಡಿಟ್ಟು, ಬೆಳಿಗ್ಗೆ ಆರಿದ ಅನ್ನಕ್ಕೆ ಕಲೆಸಿ. ಮೊಸರನ್ನಕ್ಕೆ ಹಾಲೇ ಹೆಚ್ಚು ಹಾಕಿ, ಮೊಸರು ಒಂದು ಚಮಚ ಸಾಕು; ಮಧ್ಯಾಹ್ನಕ್ಕೆ ಹದವಾಗಿರುತ್ತದೆ, ಹುಳಿಯಾಗದು.

ಸುಗ್ಗಿಯಲ್ಲಿ ಹೋದರೆ ರಸ್ತೆ ತುಂಬ ಹುರುಳಿ, ರಾಗಿ ಹರಡಿರುತ್ತಾರೆ. ಹಾದುಹೋಗುವ ಗಾಡಿಗಳಿಂದಲೇ ಒಕ್ಕಣೆ! ನೋಡಲು ಚೆಂದ, ಆದರೆ ಒಣ ಹುರುಳಿ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತಿದ್ದುಂಟು. ಪಕ್ಕದಲ್ಲಿ ನಿಧಾನಕ್ಕೆ ಹೋಗು ಅಂತ ಡ್ರೈವರಿಗೆ ಹೇಳಿ.

ಮೈಸೂರಿನಿಂದ ಸುಮಾರು 35 ಕಿಲೋಮೀಟರಿಗೆ ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ. ಮೂರು ಗರ್ಭಗುಡಿ, ವೇಣುಗೋಪಾಲನ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಿ. ಇಲ್ಲಿ ಪೂಜೆಯಿಲ್ಲ, ಹಣ್ಣುಕಾಯಿ ಹೊತ್ತೊಯ್ಯಬೇಡಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೊರಗೋಡೆಯ ಕೆಳಸಾಲಿನ ಆನೆಗಳನ್ನು ಮಕ್ಕಳಿಗೆ ಎಣಿಸಲು ಬಿಡಿ, ನಿಮಗೆ ಒಂದು ಗಳಿಗೆ ಬಿಡುವು.

ಮುಂದೆ ತಿರುಮಕೂಡಲು ನರಸೀಪುರ, ಕಾವೇರಿ ಕಪಿಲೆಯರ ಸಂಗಮ. ಹೆಂಗಸರಿಗೆ ದಾರಿಯಲ್ಲಿ ಅನುಕೂಲ ಕಡಿಮೆ. ಬನ್ನೂರು, ನರಸೀಪುರದ ಬಸ್‌ಸ್ಟ್ಯಾಂಡುಗಳನ್ನೇ ನೆನಪಿಟ್ಟುಕೊಳ್ಳಿ.

ಇನ್ನು ತಲಕಾಡು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಕಾಲಕ್ಕೆ, ಒಡವೆಗಾಗಿ ಬೆನ್ನಟ್ಟಿದವರಿಗೆ ಶಾಪವಿಟ್ಟು ಅಲಮೇಲಮ್ಮ ಮಾಲಂಗಿಯ ಬಳಿ ಹೊಳೆಗೆ ಹಾರಿದಳೆಂಬ ಕಥೆ ನಿಮಗೆ ಗೊತ್ತೇ ಇದೆ. ತಲಕಾಡು ಮರಳಾಯಿತು, ಮಾಲಂಗಿ ಮಡುವಾಯಿತು ಅನ್ನುತ್ತಾರೆ. ಹೊಳೆಗೆ ಕಟ್ಟಿದ ಅಣೆಯಿಂದ ಮರಳು ಬಯಲಾಗಿ, ಗಾಳಿ ಅದನ್ನು ಊರೊಳಕ್ಕೆ ತಂದಿತೆಂಬುದು ವಿದ್ವಾಂಸರ ಮಾತು. ಪಾತಾಳೇಶ್ವರನ ಗುಡಿಗೆ ಮರಳ ದಿಬ್ಬದಿಂದ ಕೆಳಕ್ಕಿಳಿಯಬೇಕು.

ಶಾಪ ನಂಬಿ, ಬಿಡಿ. ಮಡುವನ್ನು ಮಾತ್ರ ನಂಬಲೇಬೇಕು. ಹೊಳೆ ಇಲ್ಲಿ ತಿರುಗುತ್ತದೆ. ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದ ಗುಂಡಿ, ಕಾಲಡಿಯ ಮರಳು ಜಾರಿದ್ದು ತಿಳಿಯುವುದೇ ಇಲ್ಲ. ಮೇಲಿನ ಅಣೆಕಟ್ಟಿನಲ್ಲಿ ನೀರು ಬಿಟ್ಟರೆ ಹೊಳೆ ಏರುತ್ತದೆ. ಇಲ್ಲಿ ಮುಳುಗಿ ಸತ್ತವರಲ್ಲಿ ಈಜು ಬಲ್ಲವರೂ ಇದ್ದಾರೆ. "ಏನೂ ಆಗೋಲ್ಲ, ಬಾರೇ" ಅಂತ ಯಜಮಾನರು ಎಷ್ಟೇ ಕರೆಯಲಿ, ಮಕ್ಕಳ ಕೈ ಬಿಡಬೇಡಿ. ಬುತ್ತಿ ಬಿಚ್ಚುವ ಹೊತ್ತಿಗೇ ಕಣ್ಣು ತಪ್ಪುವುದು. ಆದ್ದರಿಂದ ಬಡಿಸುವ ಕೆಲಸ ಇನ್ನೊಬ್ಬರಿಗೆ ಕೊಟ್ಟು, ದಡದಲ್ಲಿ ಒಬ್ಬರು ನೀರಿನ ಕಡೆಗೇ ಮುಖ ಮಾಡಿ ಕೂತಿರಿ. ಮಳೆಗಾಲದಲ್ಲಿ ನೀರಿಗೆ ಇಳಿಯುವ ಮಾತೇ ಬೇಡ.

ಮಧ್ಯಾಹ್ನ ಮರಳು ಕಾದ ಹೆಂಚಿನಂತಿರುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಹತ್ತಿ ಸೀರೆಯೇ ಸರಿ. ರೇಷ್ಮೆ ಉಟ್ಟರೆ ತಲಕಾಡಿನ ಮರಳು ನೆರಿಗೆಯಲ್ಲಿ ನಿಮ್ಮ ಮನೆತನಕ ಬರುತ್ತದೆ.